ಒಣ ಸೇತುವೆಯ ಮೇಲೆ

ತಿಬಿಲಿಸಿಯ ಒಣ ಸೇತುವೆಯ ಕೆಳಗೆ ಈಗ ನೀರಿಲ್ಲ.
ಮೇಲೆ, ಶನಿವಾರ, ಕಂಬಳಿ ಹಾಸಿ ಮಾರುತ್ತಾರೆ:
ಸತ್ತವರ ಚಮಚ, ಪದಕ, ಮಸೂರ ಕಳಚಿದ ಕ್ಯಾಮೆರಾ,
ಒಂಟಿ ಕಿವಿಯೋಲೆ.
ನನ್ನ ಜೇಬಿನಲ್ಲಿ ಅರವತ್ತು ಲರಿ ದುಡ್ಡು
ಮತ್ತು ಒಂದು ರೆಸಿಸ್ಟರು. ಹತ್ತು ಲಕ್ಷ ಓಮಿನದು,
ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ.

ಗುರಾಮ್ ಮೂರು ಮೀಟರು ಇಟ್ಟಿದ್ದ.
ಹಳದಿ ಪ್ಲಾಸ್ಟಿಕ್ಕಿನದು, ಅಂಕಿ ಬೀಳುವಂಥದು, ಇಪ್ಪತ್ತೈದು.
ಕಪ್ಪು ಬೇಕಲೈಟಿನದು, ಮುಳ್ಳಿನದು, ಗಾಜು ಸೀಳಿದೆ, ನಲವತ್ತೈದು.
ಮೂರನೆಯದು ವಾಲ್ವಿನ ವೋಲ್ಟ್‌ಮೀಟರು,
ಕರುವಿನಷ್ಟು ಭಾರ, ನೂರ ನಲವತ್ತು.
ಅದನ್ನು ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡೆ.

‘ಎಲ್ಲವೂ ವೋಲ್ಟನ್ನೇ ತೋರಿಸುತ್ತವೆ, ತ್ಸಿಯಾಲಾ.
ಎಷ್ಟು ಅಳೆದು ಸುರಿಯುತ್ತೀಯೆ?’
ಮೂವತ್ತು ವರ್ಷ ವಿಮಾನ ಕಾರ್ಖಾನೆಯಲ್ಲಿ
ಅಳೆಯುವುದೇ ನನ್ನ ಅನ್ನವಾಗಿತ್ತು. ಸುಮ್ಮನಿದ್ದೆ.
ಅವನದೇ ಒಂಬತ್ತು ವೋಲ್ಟಿನ ಬ್ಯಾಟರಿ ಕೇಳಿ
ನನ್ನ ಕಾಳನ್ನು ನಡುವೆ ಇಟ್ಟು ಅಳೆದೆ.

ಹಳದಿ: ಎಂಟು ಚಿಲ್ಲರೆ.
ಕಪ್ಪು: ಒಂದೂವರೆ.

‘ಕೆಟ್ಟಿದೆ, ಅಲ್ಲವೆ?’ ಗುರಾಮನ ಮುಖ ಇಳಿಯಿತು.
ಕೆಟ್ಟಿಲ್ಲ. ಕುಡಿಯುತ್ತದೆ.
ಜ್ವರ ನೋಡಲು ಬಂದವನು
ರೋಗಿಯ ಗಂಜಿಯನ್ನೇ ಕುಡಿದು
ಪಾತ್ರೆ ಖಾಲಿ ಎಂದು ಬರೆದುಕೊಂಡಂತೆ.

ಹಾಗಾದರೆ ಹಳದಿಯೇ ಸರಿ,
ಅಂಗಡಿಯ ಹುಡುಗರೂ ಹಾಗೇ ಹೇಳುತ್ತಾರೆ.
ಆದರೆ ಅದರ ತಂತಿ ನೂಡಲ್ಸಿನಷ್ಟು ತೆಳ್ಳಗೆ,
ಮೈಮೇಲೆ ಮಾತ್ರ ಸಾವಿರ ವೋಲ್ಟೆಂದು ಬರೆದಿದೆ.
ಇನ್ನೂರೈವತ್ತು ಹರಿವ ಪೆಟ್ಟಿಗೆಯೊಳಗೆ
ಇಂಥ ಮಾತು ನಂಬಿ ಕೈ ಹಾಕುವವರು
ಬೇರೆ ಮೀಟರು ಕೊಳ್ಳಲು ಬದುಕಿರುವುದಿಲ್ಲ.

ಇನ್ನೊಂದು ಸಂಗತಿ.
ಪವ್ಲೆಯ ರೇಡಿಯೋ ನನ್ನ ಮೇಜಿನ ಮೇಲೆ ಬಿಚ್ಚಿಕೊಂಡಿದೆ:
ಆರು ವಾಲ್ವು, ಹಸಿರು ಕಣ್ಣು, ಗಂಟಲು ಕಟ್ಟಿದೆ.
ಅದರ ನಕ್ಷೆಯ ಹಳದಿ ಕಾಗದದಲ್ಲಿ
ಒಂದೊಂದು ಕಾಲಿಗೂ ಒಂದೊಂದು ಅಂಕಿ,
ಅಡಿಯಲ್ಲಿ ಇರುವೆ ಸಾಲಿನಂಥ ಟಿಪ್ಪಣಿ:
ಅಳೆದ ಮೀಟರು ಇಂಥದು, ವೋಲ್ಟಿಗೆ ಇಷ್ಟು ಓಮು.
ಅಂದರೆ ಅಂದು ಬರೆದವನ ಕೈಯಲ್ಲೂ
ಇದೇ ಜಾತಿಯ ಕುಡುಕ ಇತ್ತು.
ಕುಡಿದು ಉಳಿದದ್ದನ್ನೇ ಅವನು ಅರವತ್ತೆಂದು ಬರೆದ.
ಹಳದಿಯದು ಅಲ್ಲಿ ಎಂಬತ್ತೈದು ಅನ್ನುತ್ತದೆ,
ಅದು ನಿಜವೂ ಹೌದು,
ಮತ್ತು ನಾನು ಒಂದು ಹಗಲಿಡೀ
ಇಲ್ಲದ ತಪ್ಪನ್ನು ಹುಡುಕುತ್ತಿರುತ್ತೇನೆ.

ಕಪ್ಪು ಮೀಟರನ್ನು ಬೆಳಕಿಗೆ ಹಿಡಿದೆ.
ಮುಳ್ಳಿನ ಕೆಳಗೆ ಸಣ್ಣ ಅಕ್ಷರ: ವೋಲ್ಟಿಗೆ ಇಪ್ಪತ್ತು ಸಾವಿರ.
ಎಷ್ಟು ಕುಡಿಯುತ್ತೇನೆಂದು
ಮುಖದ ಮೇಲೇ ಬರೆದುಕೊಂಡಿದೆ.
ನಾನು ಕಂಡ ಗಂಡಸರಲ್ಲಿ ಇಂಥವರು ಕಡಿಮೆ.

ಸೀಳಿದ ಗಾಜಿಗೆ ಐದು ಲರಿ ಮುರಿಸಿ ನಲವತ್ತಕ್ಕೆ ಕೊಂಡೆ.
ಮಿಕ್ಕ ಇಪ್ಪತ್ತರಲ್ಲಿ, ಸೇತುವೆಯ ಆಚೆ ತುದಿಯಲ್ಲಿ,
ದಪ್ಪ ಸಿಲಿಕೋನಿನ ಒಂದು ಜೊತೆ ತಂತಿ.
ಬಸ್ಸಿಗೆ ಏನೂ ಉಳಿಯಲಿಲ್ಲ.
ಮುಳ್ಳು ಕುಲುಕದಂತೆ ಎದೆಗವಚಿ ನಡೆದೆ.

ಸಂಜೆ, ನೆಲಮಾಳಿಗೆ.
ಎಡಗೈ ಏಪ್ರನ್ನಿನ ಜೇಬಿನಲ್ಲಿ,
ಅದು ಅಲ್ಲೇ ಇರಬೇಕು, ಬಲಗೈಯೊಂದೇ ಒಳಗೆ.
ವಾಲ್ವುಗಳು ಕೆಂಪಾಗುತ್ತಿದ್ದಂತೆ ಮುಳ್ಳು ಎದ್ದಿತು,
ನಿದ್ದೆಯಿಂದೆದ್ದವರ ಹಾಗೆ ಹೆಚ್ಚು ಏರಿ, ನಾಚಿ, ಇಳಿದು, ನಿಂತಿತು.

ಕೊನೆಯ ವಾಲ್ವಿನ ಗ್ರಿಡ್ಡಿನಲ್ಲಿ ಮಾತ್ರ
ಬಲಕ್ಕೆ ಒಂದು ಕೂದಲೆಳೆ ವಾಲಿತು,
ಅಲ್ಲಿ ವಾಲಬಾರದು.
ಮೇಣದ ಕೆಪಾಸಿಟರು ಸೋರುತ್ತಿದೆ. ಗಂಟಲಿನ ಕಾಯಿಲೆ ಅದೇ.
ಎಷ್ಟು ಸೋರುತ್ತಿದೆಯೋ ಈ ಮೀಟರು ಹೇಳಲಾರದು.
ಸೋರುತ್ತಿದೆ ಎಂದಿತಲ್ಲ, ಸಾಕು.
ಕತ್ತರಿಸಿ ಹೊಸದು ಬೆಸೆದೆ.

ಪವ್ಲೆ ಬಾಗಿಲಲ್ಲಿ ಟೊಪ್ಪಿ ಹಿಡಿದು ನಿಂತಿದ್ದ.
ನಕ್ಷೆ ಓದಲು ಅವನಿಗೂ ಬರುತ್ತದೆ, ಅದೇ ತೊಂದರೆ.
‘ಇಲ್ಲಿ ಅರವತ್ತೆಂದಿದೆ. ನಿನ್ನದು ಐವತ್ತೆಂಟು.
ಎರಡು ಎಲ್ಲಿ ಹೋಯಿತು?’

ನೆತ್ತಿಯ ಮೇಲಿನ ಬಲ್ಬು ತುಸು ಮಂಕಾಗಿತ್ತು.
ಮೂರನೆಯ ಮಹಡಿಯಲ್ಲಿ ಲಮಾರಾ
ನಾಳೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.